ಏನು ಅಡುಗೆ ಇವತ್ತು?

ಅಡುಗೆಯಲ್ಲಿ ಎಲ್ಲಕ್ಕಿಂತ ಕಷ್ಟದ ಕೆಲಸ ಯಾವುದು ಎಂದು ಕೇಳಿದರೆ ಒಬ್ಬರು ರೊಟ್ಟಿ ಬಡಿಯುವುದು ಎಂದಾರು, ಇನ್ನೊಬ್ಬರು ಹಲಸಿನಕಾಯಿ ಹೆಚ್ಚುವುದು ಎಂದಾರು. ನನ್ನ ಉತ್ತರ ಬೇರೆ. ಕಷ್ಟದ ಕೆಲಸ ಒಲೆ ಹೊತ್ತಿಸುವುದಕ್ಕಿಂತ ಮೊದಲೇ ಇರುತ್ತದೆ. ‘ಏನು ಅಡುಗೆ ಇವತ್ತು?’ ಎಂಬ ಪ್ರಶ್ನೆಗೆ ಉತ್ತರ ಹುಡುಕುವುದೇ ಆ ಕೆಲಸ. ರೊಟ್ಟಿ ಬಡಿದು ಮುಗಿಯುತ್ತದೆ, ಪಾತ್ರೆ ತೊಳೆದು ಮುಗಿಯುತ್ತದೆ. ಈ ಪ್ರಶ್ನೆ ಮಾತ್ರ ರಾತ್ರಿ ಮಲಗುವಾಗ ನಾಳೆಯ ವೇಷ ಹಾಕಿಕೊಂಡು ಮತ್ತೆ ಬಂದು ನಿಲ್ಲುತ್ತದೆ.

ಪುಣೆಯಲ್ಲಿ ನಮ್ಮಂಥ ಇಬ್ಬರೂ ದುಡಿಯುವ ಮನೆಗಳಲ್ಲಿ ಅಡುಗೆಗೆ ಮಾವಶಿ ಬರುತ್ತಾರೆ. ಐದು ಮನೆಗಳಲ್ಲಿ ಅಡುಗೆ ಮಾಡಿ, ಆರನೆಯದಾಗಿ ತಮ್ಮ ಮನೆಯಲ್ಲೂ ಮಾಡುವ ಹೆಂಗಸರು ಇವರು. ಅವರ ಕೈ ಬೆಳಕಿನ ವೇಗದಲ್ಲಿ ಓಡುತ್ತದೆ. ಆದರೆ ಬಾಗಿಲೊಳಗೆ ಕಾಲಿಟ್ಟ ಕೂಡಲೇ ಕೇಳುವ ಮಾತು ಒಂದೇ: ‘ತಾಈ, ಆಜ್ ಕಾಯ್ ಕರೂ?’ ಮನೆಯೊಡತಿ ಆಫೀಸಿನಲ್ಲಿದ್ದರೆ ಮೀಟಿಂಗಿನ ನಡುವೆ ಫೋನ್ ಬರುತ್ತದೆ. ಮನೆಯಲ್ಲೇ ಕೂತು ಲ್ಯಾಪ್‌ಟಾಪ್ ಒತ್ತುತ್ತಿರುವ ಗಂಡನನ್ನು ಅವರು ಕೇಳುವುದಿಲ್ಲ, ಆತನೂ ಹೇಳುವುದಿಲ್ಲ. ಸಂಬಳ ಕೊಟ್ಟು ಕೈಗಳನ್ನು ತಂದುಕೊಂಡೆವು, ಪ್ರಶ್ನೆ ಮಾತ್ರ ಇದ್ದವಳ ತಲೆಯ ಮೇಲೇ ಉಳಿಯಿತು.

ಸುಲಭದ ಅಡುಗೆ ಎಂದು ನಾವೆಲ್ಲ ದಿನವೂ ಹುಡುಕುತ್ತೇವೆ. ಹತ್ತು ನಿಮಿಷದ ಪಲ್ಯ, ಒಂದೇ ಕುಕ್ಕರಿನ ಊಟ, ಮೊಟ್ಟೆಯಿಲ್ಲದ ಕೇಕು. ಅದರಲ್ಲಿ ತಪ್ಪೇನಿಲ್ಲ. ನಾನು ಕೇಳಬೇಕೆಂದಿರುವುದು ‘ಸುಲಭ’ ಎಂಬ ಮಾತಿನ ಬಗ್ಗೆ. ಸುಲಭ, ಯಾರಿಗೆ? ಒಂದು ಕೆಲಸ ನನಗೆ ಸುಲಭವಾಯಿತು ಎಂದರೆ ಅದರ ಭಾರ ನಿಜಕ್ಕೂ ಇಳಿಯಿತೇ, ಅಥವಾ ಇನ್ನೊಬ್ಬರ ಹೆಗಲಿಗೆ ದಾಟಿತೇ? ನೀತಿಯ ಪ್ರಶ್ನೆಗಳು ದೊಡ್ಡ ದೊಡ್ಡ ಸಂದರ್ಭಗಳಲ್ಲಷ್ಟೇ ಹುಟ್ಟುತ್ತವೆ ಎಂದು ನಮಗೊಂದು ಭ್ರಮೆ. ಇದು ದಿನಕ್ಕೆ ಮೂರು ಹೊತ್ತು ಹುಟ್ಟುವ ಪ್ರಶ್ನೆ.

ಲೆಕ್ಕವನ್ನೂ ಒಮ್ಮೆ ನೋಡೋಣ. ಕೇಂದ್ರ ಸರ್ಕಾರ 2019ರಲ್ಲಿ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ದಿನದ ಯಾವುದಾದರೂ ಹೊತ್ತಿನಲ್ಲಿ ತೊಡಗುವ ಹೆಂಗಸರು ನೂರಕ್ಕೆ 81.2, ಗಂಡಸರು 26.1. ಹಾಗೆ ತೊಡಗಿದವರಲ್ಲೂ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ. ‘ಏನು ಅಡುಗೆ’ ಎಂದು ಬಸ್ಸಿನಲ್ಲಿ ನಿಂತು ಯೋಚಿಸಿದ ನಿಮಿಷಗಳನ್ನು ಯಾವ ಸಮೀಕ್ಷೆಯೂ ಹಿಡಿಯಲಾರದು. ಆಗ ಆಕೆ ‘ಪ್ರಯಾಣ’ದ ಕಾಲಮ್ಮಿನಲ್ಲಿರುತ್ತಾಳೆ.

ಇಲ್ಲಿ ಋತುವಿನ ಮಾತು ಬರುತ್ತದೆ. ನನ್ನ ಅವ್ವ ಧಾರವಾಡದ ಕಡೆಯವಳು. ಏನು ಮಾಡಲಿ ಎಂದು ಫೋನಿನಲ್ಲಿ ಕೇಳಿದರೆ ಅವಳ ಉತ್ತರ ಬದಲಾಗಿದ್ದೇ ಇಲ್ಲ: ‘ಸಂತ್ಯಾಗ ಏನ್ ಬಂದೈತಿ, ಅದನ್ನ ಮಾಡವಾ.’ ಮೊದಮೊದಲು ಇದು ಉತ್ತರವನ್ನು ತಪ್ಪಿಸಿಕೊಳ್ಳುವ ಜಾಣತನದಂತೆ ಕೇಳುತ್ತಿತ್ತು. ವರ್ಷಗಳು ಕಳೆದಂತೆ ಅದರಲ್ಲಿ ಒಂದು ವಿಚಾರವೇ ಇದೆ ಅನ್ನಿಸತೊಡಗಿತು. ಏನು ಮಾಡಬೇಕು ಎನ್ನುವುದನ್ನು ಅವಳು ಒಬ್ಬಳೇ ತೀರ್ಮಾನಿಸುತ್ತಿರಲಿಲ್ಲ. ಮಳೆ, ಮಣ್ಣು, ಮಂಗಳವಾರದ ಸಂತೆ ಮುಕ್ಕಾಲು ತೀರ್ಮಾನ ಮಾಡಿಕೊಡುತ್ತಿದ್ದವು. ಮಾರ್ಗಶಿರದಲ್ಲಿ ಹಸಿ ಕಡಲೆ, ಎಳೆ ಬದನೆಕಾಯಿ, ಮೆಂತ್ಯ, ಉಳ್ಳಾಗಡ್ಡಿ ತಪ್ಪಲು. ಬೇಸಿಗೆಯಲ್ಲಿ ಮಾವಿನಕಾಯಿ. ಮಳೆಗಾಲದಲ್ಲಿ ಸೌತೆ, ಹೀರೆ, ಕುಂಬಳ. ಆಯ್ಕೆ ಕಡಿಮೆ, ಹಾಗಾಗಿ ತಲೆಬಿಸಿಯೂ ಕಡಿಮೆ.

ಈಗ ನನ್ನ ಫೋನಿನಲ್ಲಿ ಹನ್ನೆರಡು ತಿಂಗಳೂ ಹೂಕೋಸು, ಹನ್ನೆರಡು ತಿಂಗಳೂ ಬಟಾಣಿ, ಅರ್ಧ ಗಂಟೆಯೊಳಗೆ ಬಾಗಿಲಿಗೆ. ಎಲ್ಲವೂ ಸಿಗುವಾಗ ಯಾವುದನ್ನು ತರಿಸಲಿ ಎಂಬುದಕ್ಕೆ ಹೊರಗಿನಿಂದ ಉತ್ತರ ಬರುವುದಿಲ್ಲ. ಉತ್ತರ ಪೂರ್ತಿ ಒಬ್ಬರ ತಲೆಯೊಳಗಿಂದಲೇ ಬರಬೇಕು. ಸೌಕರ್ಯ ಹೆಚ್ಚಿದಷ್ಟೂ ತೀರ್ಮಾನದ ಭಾರ ಹೆಚ್ಚಿತು, ಅದೂ ಒಬ್ಬರಿಗೆ ಮಾತ್ರ. ಋತುವಿಗೆ ತಕ್ಕಂತೆ ಉಣ್ಣುವುದರ ಪರವಾಗಿ ಆರೋಗ್ಯದ, ಪರಿಸರದ ಮಾತುಗಳನ್ನು ಬೇಕಾದಷ್ಟು ಕೇಳಿದ್ದೇವೆ. ನನಗೆ ಮುಖ್ಯವಾಗಿ ಕಾಣುವ ಕಾರಣ ಇನ್ನೊಂದು. ಋತು ಎಲ್ಲರಿಗೂ ಕಾಣುವಂಥದ್ದು. ಡಿಸೆಂಬರಿನಲ್ಲಿ ಮಂಡಈಗೆ ಹೋದ ಯಾರಿಗಾದರೂ, ಅಡುಗೆ ಬರಲಿ ಬಿಡಲಿ, ಉತ್ತರ ರಾಶಿ ರಾಶಿಯಾಗಿ ಕಣ್ಣೆದುರೇ ಬಿದ್ದಿರುತ್ತದೆ. ಒಬ್ಬಳ ತಲೆಯೊಳಗಿದ್ದ ಪ್ರಶ್ನೆ ಬೀದಿಗೆ ಬರುತ್ತದೆ. ಹದಿಮೂರು ವರ್ಷದ ಮಗಳೂ ಉತ್ತರಿಸಬಹುದು, ಗಂಡನೂ ಉತ್ತರಿಸಬಹುದು.

ಇಷ್ಟು ಹೇಳಿ ನಿಲ್ಲಿಸಿದರೆ ಇದು ಹಳೆಯ ಕಾಲದ ಗುಣಗಾನವಾದೀತು. ಹಾಗಾಗಿ ಎದುರು ಮಾತುಗಳನ್ನೂ ನೋಡಬೇಕು.

ಮೊದಲನೆಯದು, ಹಿಂದಿನವರು ಋತುವಿಗೆ ತಕ್ಕಂತೆ ಉಂಡದ್ದು ಬೇರೆ ದಾರಿಯಿಲ್ಲದೆ. ಅದನ್ನು ಅವರ ವಿವೇಕ ಎಂದು ಹೊಗಳುವುದು ಸುಲಭ. ಉಡುಪಿಯ ಮಠಗಳಲ್ಲಿ, ಮಾಧ್ವರ ಮನೆಗಳಲ್ಲಿ ಚಾತುರ್ಮಾಸ್ಯದ ನಾಲ್ಕು ತಿಂಗಳು ಒಂದೊಂದು ವ್ರತ: ಮೊದಲು ತರಕಾರಿ ಬಿಡುವುದು, ಆಮೇಲೆ ಮೊಸರು, ಆಮೇಲೆ ಹಾಲು, ಕೊನೆಗೆ ಬೇಳೆಕಾಳು. ಅದೇ ಆಷಾಢ ಶ್ರಾವಣಗಳಲ್ಲಿ ಹೊಲದ ಕೂಲಿಯ ಮನೆಯಲ್ಲೂ ತರಕಾರಿ ಇರುತ್ತಿರಲಿಲ್ಲ. ಅದಕ್ಕೆ ಯಾರೂ ವ್ರತ ಎಂದು ಹೆಸರಿಡಲಿಲ್ಲ. ಇದ್ದವರು ಬಿಟ್ಟರೆ ನೇಮ, ಇಲ್ಲದವರು ಬಿಟ್ಟರೆ ಬಡತನ. ಫೋನಿನಲ್ಲಿ ಎಲ್ಲವೂ ಸಿಗುವಾಗ ‘ನಾನು ಈ ಕಾಲದ್ದನ್ನು ಮಾತ್ರ ತಿನ್ನುತ್ತೇನೆ’ ಎನ್ನುವ ನಾನು ಮೊದಲ ಗುಂಪಿನವಳು. ಈ ಅರಿವಿಲ್ಲದೆ ಋತುವಿನ ಬಗ್ಗೆ ಭಾಷಣ ಮಾಡುವುದು ಸರಿಯಲ್ಲ.

ಎರಡನೆಯದು ರೈತನ ಕಡೆಯ ಮಾತು. ಋತುವಿನ ತರಕಾರಿ ಅಗ್ಗ ಎಂದು ನಾವು ಖುಷಿಪಡುತ್ತೇವೆ. ಅಗ್ಗ ಯಾಕೆ? ಎಲ್ಲರ ಬೆಳೆಯೂ ಒಟ್ಟಿಗೆ ಮಾರುಕಟ್ಟೆಗೆ ಬಂದು ಬೀಳುವುದರಿಂದ. ನಮ್ಮ ಸಂತೋಷದ ವಾರವೇ ಬೆಳೆದವನ ಸಂಕಟದ ವಾರವಾಗಿರುತ್ತದೆ. 2023ರ ಜುಲೈಯಲ್ಲಿ ಟೊಮ್ಯಾಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ನಮ್ಮ ಅಪಾರ್ಟ್‌ಮೆಂಟಿನ ಗುಂಪಿನಲ್ಲಿ ಬೇರೆ ಮಾತೇ ಇರಲಿಲ್ಲ. ಅದೇ ಟೊಮ್ಯಾಟೊವನ್ನು ಬೆಲೆಯಿಲ್ಲದೆ ರಸ್ತೆಗೆ ಸುರಿಯುವ ವರ್ಷಗಳಲ್ಲಿ ಆ ಗುಂಪು ತಣ್ಣಗಿರುತ್ತದೆ. ಟೊಮ್ಯಾಟೊ ಈ ನೆಲಕ್ಕೆ ಬರುವುದಕ್ಕಿಂತ ಮೊದಲೂ ಹುಣಸೆಹಣ್ಣಿನ ಸಾರು ಕುದಿಯುತ್ತಿತ್ತು ಎಂಬುದು ಆ ಜುಲೈಯಲ್ಲಿ ಎಷ್ಟು ಮನೆಗಳಿಗೆ ನೆನಪಾಯಿತೋ! ಬೆಲೆ ಏರಿದಾಗ ಬಿಟ್ಟಿರಬಲ್ಲ, ಇಳಿದಾಗ ಎರಡು ಕಿಲೋ ಹೆಚ್ಚಿಗೆ ತಂದು ಗೊಜ್ಜು ಮಾಡಿ ಬಾಟಲಿಯಲ್ಲಿ ತುಂಬಿಡಬಲ್ಲ ಅಡುಗೆಮನೆ ಇದ್ದರೆ ಒಳ್ಳೆಯದು. ಅದರಿಂದ ರೈತ ಉದ್ಧಾರವಾಗುವುದಿಲ್ಲ, ಅಷ್ಟು ದೊಡ್ಡ ಮಾತು ಬೇಡ. ರಾಶಿ ಬಿದ್ದಾಗ ಕೊಳ್ಳುವವರು ಇರಬೇಕು ಎಂಬಷ್ಟೇ ಮಾತು.

ಮೂರನೆಯ ಆಕ್ಷೇಪ ಎಲ್ಲಕ್ಕಿಂತ ಗಟ್ಟಿಯಾದದ್ದು: ಋತುವಿನ ಅಡುಗೆ ಸುಲಭವೇ ಅಲ್ಲ. ಅವರೆಕಾಯಿ ಬಿಡಿಸಿ, ನೆನೆಹಾಕಿ, ಒಂದೊಂದೇ ಹಿಸುಕಿ ಬೇಳೆ ತೆಗೆದವರಿಗೆ ಗೊತ್ತು. ಹಲಸಿನ ಮೇಣ ಕೈಯಿಂದ ಬಿಡಿಸಿಕೊಂಡವರಿಗೆ ಗೊತ್ತು. ‘ನಮ್ಮಮ್ಮ ಮಾಡುತ್ತಿದ್ದ ಹಾಗೆ’ ಎಂಬ ಆಸೆಯ ಹಿಂದೆ ಎಷ್ಟು ದುಡಿಮೆಯಿದೆ ಎನ್ನುವುದನ್ನು 2021ರ ಮಲಯಾಳಂ ಚಿತ್ರ ‘ದಿ ಗ್ರೇಟ್ ಇಂಡಿಯನ್ ಕಿಚನ್’ ಮುಚ್ಚುಮರೆಯಿಲ್ಲದೆ ತೋರಿಸಿತು. ಅನ್ನ ಸೌದೆ ಒಲೆಯಲ್ಲೇ ಆಗಬೇಕು, ಚಟ್ನಿ ಕಲ್ಲಿನಲ್ಲೇ ಅರೆಯಬೇಕು ಎನ್ನುವ ಆ ಮಾವ ಕೆಟ್ಟ ದನಿಯಲ್ಲಿ ಒಂದು ಮಾತೂ ಆಡುವುದಿಲ್ಲ. ರುಚಿಯ ಹೆಸರಿನಲ್ಲಿ ಮೆಲ್ಲಗೆ ಕೇಳುತ್ತಾನೆ. ಋತುವಿನ ಹೆಸರಿನಲ್ಲೂ ಹಾಗೆ ಮೆಲ್ಲಗೆ ಕೇಳಬಹುದು: ‘ಅವರೆಕಾಯಿ ಕಾಲ ಬಂತಲ್ಲ, ಹಿತಕಿದ ಬೇಳೆ ಸಾರು ಮಾಡಲ್ವಾ?’

ಈ ಆಕ್ಷೇಪವನ್ನು ಒಪ್ಪಿಕೊಂಡೇ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಒಲೆಯ ಮುಂದಿನ ಕೆಲಸ ಒಬ್ಬರದು. ಒಗ್ಗರಣೆಗೆ ನಾಲ್ಕು ಕೈ ಬೇಡ. ಆದರೆ ಋತು ತರುವ ಕೆಲಸ ಬಹುಮಟ್ಟಿಗೆ ಒಲೆಯಿಂದಾಚೆಯದು: ಬಿಡಿಸುವುದು, ಸೋಸುವುದು, ಹಿಸುಕುವುದು, ತುರಿಯುವುದು. ಅದಕ್ಕೆ ಕೌಶಲ ಬೇಡ, ಅನುಭವ ಬೇಡ. ನೆಲದ ಮೇಲೆ ಹಳೆಯ ಪೇಪರ್ ಹಾಸಿ ಎರಡು ಕಿಲೋ ಅವರೆ ಸುರಿದರೆ ಮನೆಗೆ ಬಂದ ಅತಿಥಿಯೂ ಮಾತಾಡುತ್ತಾ ಕೈ ಹಾಕುತ್ತಾರೆ, ಕ್ರಿಕೆಟ್ ನೋಡುವವರೂ ಹಾಕಬಹುದು. ಹಾಗೆ ಬಿಡಿಸಿದ ಎಳೆಕಾಳಿಗೆ ಆಮೇಲೆ ದೊಡ್ಡ ಅಡುಗೆಯೇನೂ ಬೇಡ. ಉಪ್ಪು, ಹಸಿಮೆಣಸಿನಕಾಯಿ, ಸ್ವಲ್ಪ ಕೊಬ್ಬರಿ, ಹದಿನೈದು ನಿಮಿಷ. ಒಬ್ಬರೇ ಮಾಡಿದರೆ ಎರಡು ಗಂಟೆಯ ಶಿಕ್ಷೆ, ನಾಲ್ವರು ಕೂತರೆ ಅರ್ಧ ಗಂಟೆಯ ಹರಟೆ. ಈ ಅಡುಗೆ ಸುಲಭವೋ ಕಷ್ಟವೋ ಎನ್ನುವುದು ಅವರೆಕಾಯಿಯಲ್ಲಿಲ್ಲ, ಸುತ್ತ ಎಷ್ಟು ಜನ ಕೂತಿದ್ದಾರೆ ಎನ್ನುವುದರಲ್ಲಿದೆ.

ಬಿಡಿಸಿದ ಕಾಳಿನ ಪ್ಯಾಕೆಟ್ ಸಿಗುತ್ತದಲ್ಲ ಎನ್ನುತ್ತೀರಿ. ಸಿಗುತ್ತದೆ, ನಾನೂ ತರುತ್ತೇನೆ. ಮಾರುಕಟ್ಟೆಯ ಮೂಲೆಯಲ್ಲಿ ಬೆಳಗಿನಿಂದ ಕೂತು ಬಿಡಿಸಿದ ಹೆಂಗಸಿನ ದುಡಿಮೆ ಅದು. ಹಣ ಕೊಟ್ಟು ಕೊಳ್ಳುವುದು ಮರ್ಯಾದೆಯ ವ್ಯವಹಾರವೇ. ಚೌಕಾಸಿಗೆ ಇಳಿಯುವ ಮುನ್ನ ಆ ಎರಡು ಗಂಟೆ ನೆನಪಿರಲಿ.

ನಮ್ಮ ಹಬ್ಬಗಳು ಈ ಸಂಗತಿಯನ್ನು ಎಂದೋ ಕಂಡುಕೊಂಡಿದ್ದವು ಅನ್ನಿಸುತ್ತದೆ. ಎಳ್ಳ ಅಮಾವಾಸ್ಯೆಯ ದಿನ ಬೀದರ್, ಕಲಬುರಗಿ ಕಡೆ ಭಜ್ಜಿ ಮಾಡುತ್ತಾರೆ. ಆ ಹೊತ್ತಿಗೆ ಹೊಲದಲ್ಲಿ, ಸಂತೆಯಲ್ಲಿ ಸಿಗುವ ಹಸಿಕಾಳು, ಸೊಪ್ಪು, ತರಕಾರಿ ಎಲ್ಲವೂ ಒಂದೇ ಪಾತ್ರೆಗೆ. ಜೊತೆಗೆ ಸಜ್ಜೆ ಕಡುಬು. ಹೊಲಕ್ಕೆ ಬುತ್ತಿ ಹೊತ್ತು, ಭೂಮಿಗೆ ಚರಗ ಚೆಲ್ಲಿ, ಕರೆದವರು ಕರೆಯದವರು ಎಲ್ಲ ಕೂತು ಉಣ್ಣುವುದು. ಧಾರವಾಡದ ಭೋಗಿಗೂ ಪುಣೆಯ ಭೋಗಿಗೂ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಒಂದೇ. ಇಲ್ಲಿ ಅದನ್ನು ಬಾಜ್ರಿ ಭಾಕ್ರಿ ಅನ್ನುತ್ತಾರೆ, ಜೊತೆಗೆ ಹಸಿ ಕಡಲೆ, ಗಜ್ಜರಿ, ಬದನೆ ಎಲ್ಲ ಸೇರಿಸಿದ ಪಲ್ಯ. ಗುಜರಾತಿಗಳ ಉಂಧಿಯು ಅದೇ ಕಾಲದ್ದು. ಚೆನ್ನೈಯಲ್ಲಿರುವವರು ತಿರುವಾದಿರೈಗೆ ಏಳು ತರಕಾರಿಯ ಕೂಟು ಉಂಡಿರುತ್ತೀರಿ. ಭಾಷೆ ಬೇರೆ, ಮಸಾಲೆ ಬೇರೆ. ಚಳಿಗಾಲದ ಸುಗ್ಗಿಯ ಮುಂದೆ ಎಲ್ಲರಿಗೂ ಹೊಳೆದದ್ದು ಮಾತ್ರ ಒಂದೇ: ಇರುವುದನ್ನೆಲ್ಲ ಕೂಡಿಸಿ ಒಂದು ಪಾತ್ರೆಗೆ ಹಾಕು, ಎಲ್ಲರನ್ನೂ ಕರೆ. ಆ ದಿನ ‘ಏನು ಅಡುಗೆ’ ಎಂದು ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ನಮ್ಮಲ್ಲಿ ಸೀತನಿ ಅನ್ನುವ ಎಳೆ ಜೋಳದ ತೆನೆ ಇಲ್ಲಿ ‘ಹುರಡಾ’ ಆಗಿ ಕೆಂಡದಲ್ಲಿ ಸುಡುವಾಗ, ಊರು ಬಿಟ್ಟು ಬಂದವಳು ಎಂಬ ಭಾವವೂ ಒಂದಿಷ್ಟು ಹಿಂದೆ ಸರಿಯುತ್ತದೆ.

ಇದೇ ಪುಣೆಯ ಯೆರವಡಾ ಜೈಲಿನಿಂದ 1930ರಲ್ಲಿ ಗಾಂಧೀಜಿ ಆಶ್ರಮಕ್ಕೆ ವಾರವಾರ ಪತ್ರ ಬರೆದು ವ್ರತಗಳ ಅರ್ಥ ಬಿಡಿಸಿ ಹೇಳಿದರು. ಅವುಗಳಲ್ಲಿ ಒಂದು ಅಸ್ವಾದ. ಊಟ ದೇಹಕ್ಕಾಗಿ, ನಾಲಿಗೆಯ ಸುಖಕ್ಕಾಗಿ ಅಲ್ಲ ಎಂಬ ನಿಲುವು. ಗೌರವದಿಂದಲೇ ನಾನು ಇಲ್ಲಿ ಬೇರೆ ದಾರಿ ಹಿಡಿಯುತ್ತೇನೆ. ಋತುವಿನ ಮಿತಿ ರುಚಿಯನ್ನು ಕೊಲ್ಲುವುದಿಲ್ಲ, ಕಾಯಿಸಿ ಹೆಚ್ಚಿಸುತ್ತದೆ. ಪುರಂದರ ತಾಲ್ಲೂಕಿನ ಅಂಜೂರ ಸ್ವಲ್ಪ ದಿನ ಮಾತ್ರ ಸಿಗುತ್ತದೆ ಎಂಬುದಕ್ಕೇ ಅದನ್ನು ಕೈಯಲ್ಲಿ ಹಿಡಿದಾಗ ಮನಸ್ಸು ಅಲ್ಲೇ ಇರುತ್ತದೆ. ಸಂಯಮ ಎಂಬುದು ಸುಖದ ಶತ್ರುವಾಗಲೇಬೇಕೆಂದಿಲ್ಲ.

ಬೇಕಿಂಗ್ ಎಂದರೆ ಮೈದಾ, ಬೆಣ್ಣೆ, ಹೊರದೇಶದ ಸಂಗತಿ ಎಂದುಕೊಂಡವರಿಗೆ ತವಸಳಿಯ ಮಾತು ಹೇಳಬೇಕು. ಕೊಂಕಣಿಗರ ಈ ಸೌತೆಕಾಯಿ ಕೇಕನ್ನು ಹಿಂದೆ ಪಾತ್ರೆಯ ಕೆಳಗೂ ಕೆಂಡ, ಮುಚ್ಚಳದ ಮೇಲೂ ಕೆಂಡ ಇಟ್ಟು ಬೇಯಿಸುತ್ತಿದ್ದರು. ಕುಮಟೆಯಿಂದ ಬಂದ ನಮ್ಮ ಪಕ್ಕದ ಮನೆಯವರಿಂದ ಕಲಿತದ್ದು. ಮಳೆಗಾಲದ ಬಲಿತ ಸೌತೆಕಾಯಿಯ ತುರಿ, ಹುರಿದ ರವೆ, ಬೆಲ್ಲ, ಕಾಯಿತುರಿ, ಏಲಕ್ಕಿ, ಚಿಟಿಕೆ ಉಪ್ಪು. ನೀರು ಬೇಡ, ಸೌತೆಕಾಯಿ ಬಿಡುವ ನೀರೇ ಸಾಕು. ಓವನ್ನಿನಲ್ಲಿ 180 ಡಿಗ್ರಿ, ಮುಕ್ಕಾಲು ಗಂಟೆ. ನಮ್ಮಲ್ಲಿ ತುರಿಯುವುದು ಮಗಳು, ರವೆ ಹುರಿಯುವುದು ಅವಳಪ್ಪ. ಆ ಮುಕ್ಕಾಲು ಗಂಟೆ ಯಾರೂ ಒಲೆಯ ಮುಂದೆ ನಿಂತು ತಿರುವಬೇಕಾಗಿಲ್ಲ. ಎಲ್ಲರೂ ಹೊರಗಿನ ಕೋಣೆಯಲ್ಲಿ ಕೂತಿರುತ್ತೇವೆ. ಮನೆಯ ತುಂಬ ಬೆಲ್ಲ ಬೇಯುವ ಪರಿಮಳ. ಸುಲಭ ಎಂಬ ಮಾತನ್ನು ನಾನು ಯಾವ ಅಳುಕೂ ಇಲ್ಲದೆ ಬಳಸುವುದು ಇಂಥ ಅಡುಗೆಗೆ.

ಹಾಗೆಂದು ಹೊರಗಿನಿಂದ ತರಿಸಿದ ಊಟ ಅನೀತಿ, ಮನೆ ಊಟ ನೀತಿ ಎಂದು ನಾನು ಹೇಳುತ್ತಿಲ್ಲ. ಊರು ಬಿಟ್ಟು ಬಂದ ನಮಗೆ ‘ಮನೆ ಊಟ’ ಎಂಬ ಎರಡು ಪದಗಳ ಮೇಲೆ ವಿಪರೀತ ಮೋಹ. ಒಂದು ಮನೆಯಲ್ಲಿ ಒಬ್ಬಳು ಸುಸ್ತಾಗಿ ನಿಂತು ಬಡಿಸಿದ ಹಿತಕಿದ ಬೇಳೆ ಸಾರಿಗಿಂತ, ಎಲ್ಲರೂ ಕೂತು ಉಂಡ ಹೋಟೆಲಿನ ಇಡ್ಲಿಯೇ ಮೇಲು. ಮನೆ ಊಟಕ್ಕೆ ಬೆಲೆ ಬರುವುದು ಆ ಮನೆಯವರೆಲ್ಲ ಅದರಲ್ಲಿ ಪಾಲುದಾರರಾದಾಗ: ತಿನ್ನುವುದರಲ್ಲಿ ಮಾತ್ರವಲ್ಲ, ತರುವುದರಲ್ಲಿ, ಬಿಡಿಸುವುದರಲ್ಲಿ, ಮುಖ್ಯವಾಗಿ ಯೋಚಿಸುವುದರಲ್ಲಿ.

ನಮ್ಮ ಮನೆಯಲ್ಲಿ ಈಗ ಒಂದು ಸಣ್ಣ ನಿಯಮವಿದೆ. ‘ಏನು ಅಡುಗೆ?’ ಎಂದು ಯಾರು ಕೇಳುತ್ತಾರೋ ಅವರೇ ಚೀಲ ಹಿಡಿದು ಮಾರುಕಟ್ಟೆಗೆ ಹೋಗಬೇಕು. ಕಣ್ಣಿಗೆ ಬಿದ್ದದ್ದನ್ನು, ರಾಶಿ ಇದ್ದದ್ದನ್ನು ತರಬೇಕು. ಪಟ್ಟಿ ಬರೆದು ಕೊಡುವುದಿಲ್ಲ, ಫೋನು ಮಾಡಿ ಕೇಳುವ ಹಾಗಿಲ್ಲ. ಒಂದು ಸಲ ಹೋದವರು ಆರು ಕಟ್ಟು ಮೆಂತ್ಯ ತಂದರು. ವಾರವಿಡೀ ಮೆಂತ್ಯವೇ ಆಯಿತು: ಪಲ್ಯ, ಪರಾಠಾ, ಮೆಂತ್ಯದನ್ನ. ಯಾರೂ ದೂರಲಿಲ್ಲ, ಯಾಕೆಂದರೆ ಮುಂದಿನ ಶನಿವಾರ ಚೀಲ ಯಾರ ಕೈಗೆ ಬರುತ್ತದೋ ಯಾರಿಗೆ ಗೊತ್ತು.