ಪಡೆದುಕೊಂಡು ಬಂದದ್ದು

ಅನ್ನಪೂರ್ಣೇಶ್ವರಿ ನಗರದಿಂದ ಮಾಗಡಿ ರಸ್ತೆಯನ್ನು ಹಿಡಿದು ಪಶ್ಚಿಮಾಭಿಮುಖವಾಗಿ ಹೊರಟವರು ತಾವರೆಕೆರೆಯನ್ನು ದಾಟಿ ಮಂಚನಬೆಲೆಯನ್ನು ಸೇರಬಹುದು. ಅರ್ಕಾವತಿಗೆ ಕಟ್ಟಿದ ಜಲಾಶಯವನ್ನು ನೋಡಲೆಂದು ನಮ್ಮ ಬಡಾವಣೆಯವರು ಭಾನುವಾರಗಳಲ್ಲಿ ಹೋಗಿಬರುವ ಆ ಊರು, 1954ರಲ್ಲಿ ಕವಿ ಸಿದ್ಧಲಿಂಗಯ್ಯನವರು ಹುಟ್ಟಿದ ಊರು. ರಾಜಾಜಿನಗರಕ್ಕೆ ಹೊಂದಿಕೊಂಡ ಶ್ರೀರಾಮಪುರದಲ್ಲಿ ಬೆಳೆದು, ನಮಗೆ ಸಮೀಪದ ಜ್ಞಾನಭಾರತಿಯಲ್ಲಿ ಅಧ್ಯಾಪಕರಾಗಿದ್ದ ಅವರು, ‘ಊರುಕೇರಿ’ ಎಂಬ ಆತ್ಮಕಥನದ ಆರಂಭದಲ್ಲಿಯೇ ಬಾಲ್ಯದ ಒಂದು ದೃಶ್ಯವನ್ನು ನಿರೂಪಿಸಿದ್ದಾರೆ: ಹೊಲದಲ್ಲಿ ಎತ್ತುಗಳ ಸ್ಥಾನದಲ್ಲಿ ಇಬ್ಬರು ಮನುಷ್ಯರು ನೊಗಕ್ಕೆ ಹೆಗಲು ಕೊಟ್ಟಿದ್ದಾರೆ, ಹಿಂದೆ ಮತ್ತೊಬ್ಬನು ನೇಗಿಲನ್ನು ಹಿಡಿದಿದ್ದಾನೆ, ನೊಗ ಹೊತ್ತವರಲ್ಲಿ ಒಬ್ಬನು ನೋಡುತ್ತಿರುವ ಹುಡುಗನ ತಂದೆ.

ಇಂತಹ ನೋಟದ ಮುಂದೆ ನಿಂತ ಮಗುವು ‘ಏಕೆ’ ಎಂದು ಕೇಳಿದರೆ ಧರ್ಮವು ಏನೆಂದು ಉತ್ತರಿಸಬೇಕು? ನಮ್ಮ ಸಮಾಜವು ಶತಮಾನಗಳಿಂದ ಕೊಟ್ಟುಬಂದಿರುವ ಉತ್ತರವೊಂದಿದೆ. ಅದನ್ನು ನಾನು ಮೊದಲು ಕೇಳಿದ್ದು ನನ್ನ ಅಜ್ಜಿಯ ಬಾಯಿಂದ. ನಮ್ಮ ಹೊಲದಲ್ಲಿ ದುಡಿಯುತ್ತಿದ್ದ ಹಿರಿಯರೊಬ್ಬರು ಮಧ್ಯಾಹ್ನ ಹಿತ್ತಿಲಿಗೆ ಬಂದು, ಬೇಲಿಯಲ್ಲಿ ಸಿಕ್ಕಿಸಿಟ್ಟಿದ್ದ ತೆಂಗಿನ ಕರಟವನ್ನು ತಾವೇ ತೊಳೆದು ಹಿಡಿಯುವರು. ಅಜ್ಜಿ ಮೇಲಿನಿಂದ ಮಜ್ಜಿಗೆ ಹೊಯ್ಯುವಳು. ಅವರಿಗೇಕೆ ಲೋಟವಿಲ್ಲವೆಂದು ನಾನು ಕೇಳಿದಾಗ, ‘ಅವರವರು ಪಡೆದುಕೊಂಡು ಬಂದದ್ದು, ಮಗಾ’ ಎಂದಳು. ಅವಳು ನಿಷ್ಕರುಣಿಯಲ್ಲ, ಮಜ್ಜಿಗೆ ಸಾಲದೆ ಹೋದೀತೆಂದು ತನ್ನ ಪಾಲನ್ನೂ ಬೆರೆಸುತ್ತಿದ್ದವಳು. ಚಿಕ್ಕ ವಯಸ್ಸಿನಲ್ಲಿಯೇ ವೈಧವ್ಯವನ್ನು ಅನುಭವಿಸಿದ ಆಕೆ ತನ್ನ ವಿಷಯದಲ್ಲಿಯೂ ಅದೇ ಮಾತನ್ನು ಆಡುತ್ತಿದ್ದಳು: ‘ನಾನು ಪಡೆದುಕೊಂಡು ಬಂದದ್ದು.’

ಮಾತು ಒಂದೇ ಆದರೂ ಅದರ ಧರ್ಮ ಎರಡು ಎಂಬುದು ನನ್ನ ದೃಢವಾದ ಅಭಿಪ್ರಾಯ. ತನ್ನ ದುಃಖವನ್ನು ಕುರಿತು ಆಡಿದಾಗ ಅದು ದ್ವೇಷವನ್ನು ಶಮನಗೊಳಿಸಿ ಧೈರ್ಯವನ್ನು ಕೊಡಬಲ್ಲದು. ಪರರ ದುಃಖವನ್ನು ಕುರಿತು ಆಡಿದಾಗಲಾದರೋ, ಆಡಿದವನನ್ನು ಸಕಲ ಹೊಣೆಯಿಂದಲೂ ಬಿಡುಗಡೆ ಮಾಡಿಬಿಡುತ್ತದೆ. ಪೂರ್ವಜನ್ಮದ ಸ್ಮೃತಿ ಯಾರಿಗೂ ಇಲ್ಲವಷ್ಟೆ. ಅಪರಾಧವೇನೆಂಬುದನ್ನೇ ತಿಳಿಸದೆ ವಿಧಿಸಿದ ಶಿಕ್ಷೆಯನ್ನು ನ್ಯಾಯವೆಂದು ಯಾವ ಪಂಚಾಯಿತಿ ಒಪ್ಪೀತು? ಕರ್ಮನಿಯಮವು ಸತ್ಯವೆಂದೇ ಇಟ್ಟುಕೊಂಡರೂ, ಆ ಶಿಕ್ಷೆಯನ್ನು ಜಾರಿಮಾಡುವ ಅಧಿಕಾರವನ್ನು ಅದು ನೆರೆಯವನಿಗೆ ವಹಿಸಿಕೊಟ್ಟಿರುವುದೆಂದು ಹೇಗೆ ಸಿದ್ಧವಾಗುತ್ತದೆ?

ಆ ಅಧಿಕಾರವನ್ನು ನೆರೆಯವರು ಈಚೆಗೂ ಕೈಗೆತ್ತಿಕೊಂಡದ್ದುಂಟು. 2021ರ ಸೆಪ್ಟೆಂಬರಿನಲ್ಲಿ, ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ, ಹುಟ್ಟಿದ ಹಬ್ಬದ ದಿನ ಹೊರಗಿನಿಂದ ನಮಸ್ಕರಿಸಲೆಂದು ತಂದೆಯೊಡನೆ ಬಂದಿದ್ದ ದಲಿತ ಕುಟುಂಬದ ಎರಡು ವರ್ಷದ ಮಗುವೊಂದು ಆಂಜನೇಯನ ಗುಡಿಯೊಳಕ್ಕೆ ಓಡಿತು. ಗುಡಿಯ ಶುದ್ಧಿಗೆಂದು ಆ ಬಡ ಕುಟುಂಬದಿಂದ 25,000 ರೂಪಾಯಿ ಕೇಳಲಾಯಿತು. ಪೊಲೀಸರು ಕೆಲವರನ್ನು ಬಂಧಿಸಿದರು. ಆ ಮಗುವು ದೇವರನ್ನು ಕಂಡು ಓಡಿದ್ದಕ್ಕಿಂತ ಶುದ್ಧವಾದ ಭಕ್ತಿಯನ್ನು ನಾನು ಅರಿಯೆ.

ಪರರ ದುಃಖಕ್ಕೆ ಹಿಂದಿನ ಪಾಪವನ್ನು ಕಾರಣವಾಗಿ ಹೇಳುವುದು ನಮ್ಮಲ್ಲಿ ಮಾತ್ರವಲ್ಲ. ಅಮೆರಿಕದ ದಕ್ಷಿಣ ಪ್ರಾಂತ್ಯಗಳಲ್ಲಿ ಕರಿಯರ ದಾಸ್ಯವನ್ನು ಸಮರ್ಥಿಸುತ್ತಿದ್ದವರು ಬೈಬಲಿನಲ್ಲಿ ನೋಹನು ಮಗನ ತಪ್ಪಿಗಾಗಿ ಅವನ ಸಂತತಿಗೆ ಕೊಟ್ಟ ಶಾಪವನ್ನು ಮುಂದೊಡ್ಡುತ್ತಿದ್ದರು. ಪೂರ್ವಕರ್ಮದ ಸ್ಥಾನದಲ್ಲಿ ಪೂರ್ವಜರ ಪಾಪ, ಅಷ್ಟೆ. ಅದೇ ಬೈಬಲಿನ ಯೋಹಾನನ ಸುವಾರ್ತೆಯಲ್ಲಿ, ಹುಟ್ಟುಕುರುಡನನ್ನು ಕಂಡ ಶಿಷ್ಯರು ಪಾಪ ಇವನದೋ ತಂದೆತಾಯಿಗಳದೋ ಎಂದು ವಿಚಾರಿಸಿದಾಗ, ಯೇಸು ಎರಡನ್ನೂ ನಿರಾಕರಿಸಿ ಕಣ್ಣನ್ನು ಕೊಡುವ ಕೆಲಸಕ್ಕೆ ತೊಡಗುತ್ತಾನೆ. 1934ರ ಜನವರಿ 15ರಂದು ಬಿಹಾರದಲ್ಲಿ ಭೂಕಂಪವಾದಾಗ, ಅಸ್ಪೃಶ್ಯತಾನಿವಾರಣೆಗಾಗಿ ದಕ್ಷಿಣದಲ್ಲಿ ಸಂಚರಿಸುತ್ತಿದ್ದ ಗಾಂಧೀಜಿ ಅದನ್ನು ಅಸ್ಪೃಶ್ಯತೆಯ ಪಾಪಕ್ಕೆ ಬಂದ ದೈವಶಿಕ್ಷೆಯೆಂದರು. ಅವರನ್ನು ಹೃತ್ಪೂರ್ವಕವಾಗಿ ಗೌರವಿಸುತ್ತಿದ್ದ ರವೀಂದ್ರನಾಥ ಠಾಕೂರರು ಆ ಮಾತನ್ನು ಬಹಿರಂಗವಾಗಿ ವಿರೋಧಿಸಿದರು. ಉದ್ದೇಶವು ಎಷ್ಟೇ ಉದಾತ್ತವಾಗಿರಲಿ, ಪರರ ಯಾತನೆಯಲ್ಲಿ ಅವರ ಪಾಪವನ್ನು ಓದಲು ಹೊರಡುವುದು ಅಪಾಯದ ಹಾದಿ. ಈ ವಾದದಲ್ಲಿ ನಾನು ಠಾಕೂರರ ಪಕ್ಷ.

ಕರ್ಮವನ್ನು ತೆಗೆದರೆ ಜಗತ್ತಿನ ನೈತಿಕವ್ಯವಸ್ಥೆಯೇ ಕುಸಿಯುವುದೆಂದು ಆಸ್ತಿಕರಾದ ಮಿತ್ರರು ಆಕ್ಷೇಪಿಸುತ್ತಾರೆ. ತೆಗೆಯಬೇಕೆಂದು ನಾನು ಹೇಳುತ್ತಿಲ್ಲ. ಗೀತೆಯಲ್ಲಿ ಕರ್ಮದ ಮಾತು ಮುಖ್ಯವಾಗಿ ಕರ್ಮವನ್ನು ಮಾಡುವವನನ್ನು ಕುರಿತದ್ದು, ಅವನು ತನ್ನ ಕರ್ತವ್ಯವನ್ನು ಹೇಗೆ ಮಾಡಬೇಕೆಂಬುದನ್ನು ಕುರಿತದ್ದು; ನೊಂದವನ ಎದುರಿಗೆ ಧರ್ಮವು ಆಡತಕ್ಕ ಮಾತು ದಯೆಯೊಂದೇ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಇದನ್ನು ಬಾಳಿ ತೋರಿಸಿದರು. ಸಮಗಾರ ಹರಳಯ್ಯ, ಬ್ರಾಹ್ಮಣ ಮಧುವರಸರು ಬೀಗರಾದುದಕ್ಕೆ ಪ್ರಾಣವನ್ನೇ ತೆತ್ತರೆಂದು ಶರಣಪರಂಪರೆ ಸ್ಮರಿಸುತ್ತದೆ.

ನಮ್ಮ ಬಡಾವಣೆಯಲ್ಲಿ ಈಗ ಕರಟವಿಲ್ಲ. ಆದರೆ ಮನೆಗೆಲಸಕ್ಕೆ ಬರುವ ಹೆಂಗಸಿಗೆಂದು ಕಿಟಕಿಯ ಮೇಲೆ ಬೇರೆಯಾಗಿ ಇಟ್ಟ ಸ್ಟೀಲ್ ಲೋಟವು ಹಲವು ಮನೆಗಳಲ್ಲಿದೆ, ಮೊಮ್ಮಕ್ಕಳು ಅದನ್ನು ನೋಡುತ್ತಿದ್ದಾರೆ. ಅದು ಏಕೆಂದು ಅವರು ಕೇಳಿದ ದಿನ, ಹಿರಿಯರೇ, ಪಡೆದುಕೊಂಡು ಬಂದದ್ದೆಂದು ಹೇಳಬೇಡಿರಿ. ಇದು ನಾವು ಮಾಡಿದ್ದೆಂದು ಹೇಳಿ, ಆ ಲೋಟವನ್ನು ಮನೆಯ ಉಳಿದ ಲೋಟಗಳ ಜೊತೆಗೆ ಸೇರಿಸಿರಿ.