ಮೂಟೆ ಹೊತ್ತವರಿಗೆ ಉಸಿರಾಟದ ಪಾಠ

ಬೆಂಗಳೂರಿನ ಎಷ್ಟೋ ಖಾಸಗಿ ಶಾಲೆಗಳ ಟೈಮ್‌ಟೇಬಲ್‌ನಲ್ಲಿ ಈಗ ಗಣಿತ, ವಿಜ್ಞಾನದ ಪಕ್ಕದಲ್ಲೇ ಮೈಂಡ್‌ಫುಲ್‌ನೆಸ್ ಅಂತಲೂ ಒಂದು ಪೀರಿಯಡ್ ಇರುತ್ತೆ. ಕಣ್ಣು ಮುಚ್ಚಿ, ಉಸಿರು ಗಮನಿಸಿ, ಬಂದ ಯೋಚನೆಯನ್ನ ಹಾಗೇ ಹೋಗಲು ಬಿಡಿ. ದೆಹಲಿಯ ಸರ್ಕಾರಿ ಶಾಲೆಗಳಲ್ಲಂತೂ 2018ರಲ್ಲೇ ‘ಹ್ಯಾಪಿನೆಸ್ ಕರಿಕ್ಯುಲಂ’ ಶುರುವಾಯ್ತು, ಎಂಟನೇ ತರಗತಿಯವರೆಗೆ. ಕೆಟ್ಟದ್ದೇನಲ್ಲ. ಬಾಸುಂಡೆ ಬರೋ ಹಾಗೆ ಬಾರಿಸ್ತಿದ್ದ ಮೇಷ್ಟ್ರ ಕೈಕೆಳಗೆ ಓದಿದ ನನ್ನಂಥವನಿಗೆ, ಮಗುವಿಗೂ ಮನಸ್ಸು ಅಂತ ಒಂದಿದೆ ಎಂದು ಶಾಲೆ ಒಪ್ಪಿಕೊಂಡಿರೋದೇ ದೊಡ್ಡ ಸುದ್ದಿ.

ಆದರೂ ಒಂದು ಪ್ರಶ್ನೆ ಬಿಡ್ತಿಲ್ಲ. ಮಗುವಿನ ತಲೆ ಮೇಲೆ ಮೂಟೆ ಹೊರಿಸಿದವರು ನಾವೇ. ಅದನ್ನ ಇಳಿಸೋದು ಬಿಟ್ಟು, ಹೊತ್ತುಕೊಂಡೇ ನಿಧಾನವಾಗಿ ಉಸಿರಾಡೋದು ಹೇಗೆ ಅಂತ ಹೇಳಿಕೊಡೋದು ನ್ಯಾಯವಾ?

ನಮ್ಮಕ್ಕನ ಮಗಳು ಒಂಬತ್ತನೇ ಕ್ಲಾಸು. ಬೆಳಗ್ಗೆ ಏಳಕ್ಕೆ ವ್ಯಾನು, ಸಂಜೆ ಕೋಚಿಂಗು, ಶನಿವಾರ ಕೋಚಿಂಗಿನವರದ್ದೇ ಟೆಸ್ಟು. “ಆ ಪೀರಿಯಡ್‌ನಲ್ಲಿ ಏನ್ ಮಾಡ್ತೀಯ ಪುಟ್ಟಿ?” ಅಂದೆ. “ನಿದ್ದೆ ಮಾಡ್ತೀನಿ ಮಾಮ. ಅದೊಂದ್ ಟೈಮಲ್ಲಿ ಯಾರೂ ಎಬ್ಬಿಸಲ್ಲ.” ಇಬ್ಬರೂ ನಕ್ಕೆವು. ಅಕ್ಕ ನಗಲಿಲ್ಲ. “ಅದಕ್ಕೂ ಸೇರಿಸೇ ಫೀಸು ಕಟ್ಟಿರೋದು ಕಣೋ” ಅಂದಳು.

ಐಟಿಯವರಿಗೆ ಇದು ಗೊತ್ತಿರೋ ಕತೆ. ಇಬ್ಬರ ಕೆಲಸ ಒಬ್ಬರಿಗೆ ಕೊಟ್ಟು, ಶುಕ್ರವಾರ ಮಧ್ಯಾಹ್ನ ವೆಲ್‌ನೆಸ್ ವೆಬಿನಾರ್ ಇಡ್ತಾರೆ. ನಾವು ಕ್ಯಾಮೆರಾ ಆಫ್ ಮಾಡಿ, ಮ್ಯೂಟಲ್ಲಿ ಕೂತು, ಆ ಕಡೆ ಟಿಕೆಟ್ ಕ್ಲೋಸ್ ಮಾಡ್ತಿರ್ತೀವಿ. ನಮಗಾದ್ರೂ ಪೇಪರ್ ಹಾಕೋ ಸ್ವಾತಂತ್ರ್ಯ ಇದೆ (ಇಎಂಐ ಒಪ್ಪಿದರೆ). ಹದಿನಾಲ್ಕರ ಹುಡುಗಿ ಶಾಲೆಗೆ ರಾಜೀನಾಮೆ ಕೊಡೋಕಾಗಲ್ಲ.

ಇಂಗ್ಲೆಂಡಿನವರು ಇದನ್ನ ದೊಡ್ಡದಾಗಿಯೇ ಪರೀಕ್ಷೆ ಮಾಡಿದ್ದಾರೆ. ಹೆಸರು ‘ಮಿರಿಯಡ್’. 85 ಶಾಲೆ, ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳು. ಫಲಿತಾಂಶ ಬಂದಿದ್ದು 2022ರಲ್ಲಿ. ಮಾಮೂಲಿ ಭಾವನಾತ್ಮಕ ಪಾಠ ಕೇಳಿದ ಮಕ್ಕಳಿಗಿಂತ ಮೈಂಡ್‌ಫುಲ್‌ನೆಸ್ ಕಲಿತವರ ಮಾನಸಿಕ ಆರೋಗ್ಯ ಏನೂ ಮೇಲಾಗಿರಲಿಲ್ಲ. ಹೆಚ್ಚಿನವರು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ತಮಾಷೆ ಅಂದರೆ, ಕಲಿಸಲು ತರಬೇತಿ ಪಡೆದ ಮೇಷ್ಟ್ರುಗಳ ದಣಿವು ಮಾತ್ರ ಸ್ವಲ್ಪ ಕಾಲ ಕಡಿಮೆಯಾಗಿತ್ತು.

ಅದಕ್ಕಿಂತ ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಬಿಹಾರದ ನಳಂದ ಜಿಲ್ಲೆಯ ಪ್ರಯೋಗ. ‘ಸೆಹರ್’ ಅಂತ, 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಒಂಬತ್ತನೇ ತರಗತಿಯ ಮಕ್ಕಳು. ಅಲ್ಲಿ ಗೋಡೆ ಪತ್ರಿಕೆ ಇತ್ತು, ಸ್ಪರ್ಧೆಗಳಿದ್ದವು, ಮಕ್ಕಳು ತಮ್ಮ ದೂರನ್ನ ಚೀಟಿ ಬರೆದು ಹಾಕೋಕೆ ಒಂದು ಡಬ್ಬಿ ಇತ್ತು, ಒಬ್ಬೊಬ್ಬರನ್ನೇ ಕೂರಿಸಿ ಮಾತಾಡಿಸೋ ವ್ಯವಸ್ಥೆ ಇತ್ತು. ಕೆಲವು ಶಾಲೆಗಳಲ್ಲಿ ಇದನ್ನೆಲ್ಲ ನಡೆಸಿದ್ದು ಹೊರಗಿನಿಂದ ನೇಮಿಸಿದ ‘ಮಿತ್ರ’ರು, ಕೆಲವು ಕಡೆ ಅಲ್ಲಿನ ಟೀಚರುಗಳೇ. ಮಿತ್ರರಿದ್ದ ಶಾಲೆಗಳಲ್ಲಿ ಖಿನ್ನತೆ, ಪೀಡನೆ, ಹೊಡೆದಾಟ ಎಲ್ಲ ಕಡಿಮೆಯಾದವು. ಟೀಚರುಗಳು ನಡೆಸಿದ ಕಡೆ ಅಂಥ ಪರಿಣಾಮ ಕಾಣಲಿಲ್ಲ. ಯೋಚಿಸಿ ನೋಡಿ: ಅಂಕ ಹಾಕೋ ಕೈಗೇ ನಮ್ಮ ದೂರಿನ ಚೀಟಿಯನ್ನೂ ಕೊಡ್ತೀವಾ? ನಮ್ಮ ಕಂಪನಿಗಳ ಎಚ್ಆರ್‌ಗೆ ನಾವೆಷ್ಟು ಹೇಳ್ತೀವೋ ಅಷ್ಟೇ.

ಡಬ್ಬಿಯಲ್ಲಿ ಚೀಟಿ ಬಿದ್ದರೆ ಯಾರಾದರೂ ಏನಾದರೂ ಸರಿಪಡಿಸಬೇಕಾಗುತ್ತೆ. ಕಣ್ಣು ಮುಚ್ಚಿ ಕೂತ ಮಗು ಮಾತ್ರ ಯಾರಿಗೂ ಕೆಲಸ ಕೊಡಲ್ಲ. ಮೈಂಡ್‌ಫುಲ್‌ನೆಸ್ ಅಷ್ಟು ಬೇಗ ನಮಗೆ ಇಷ್ಟವಾಗೋದಕ್ಕೆ ಇದೂ ಒಂದು ಕಾರಣ ಅಂತ ನನ್ನ ಗುಮಾನಿ.

ನಮ್ಮೂರು ಅರಸೀಕೆರೆ ಕಡೆ. ಬೇಸಿಗೆಯಲ್ಲಿ ಕುರುಕ್ಷೇತ್ರ ನಾಟಕ. ಅದಕ್ಕೆ ಮುಂಚೆ ಎರಡು ಮೂರು ತಿಂಗಳು ರಾತ್ರಿಯೆಲ್ಲ ಹಾರ್ಮೋನಿಯಂ ಮೇಷ್ಟ್ರ ತಾಲೀಮು. ಹೊಲದ ಬದುವಿಗಾಗಿ ಅಣ್ಣತಮ್ಮಂದಿರ ಮೇಲೆ ಕೇಸು ಹಾಕಿ ಅಲೀತಿದ್ದವನೇ ಸ್ಟೇಜಿನ ಮೇಲೆ ದುರ್ಯೋಧನನಾಗಿ ಗದೆ ಹಿಡಿದು ಅಬ್ಬರಿಸ್ತಿದ್ದ. ಶಾಂತವಾಗಿರಪ್ಪಾ ಅಂತ ಯಾರೂ ಹೇಳ್ತಿರಲಿಲ್ಲ. ಒನ್ಸ್ ಮೋರ್ ಅಂತಿದ್ರು! ಅವನ ಸಿಟ್ಟಿಗೆ ರಾಗ ಇತ್ತು, ತಾಳ ಇತ್ತು, ಕೂತು ನೋಡೋಕೆ ಊರೇ ಇತ್ತು. ಹಾಗಂತ ಹಳ್ಳಿಯನ್ನ ಹೊಗಳೋಕೆ ಹೊರಟಿಲ್ಲ. ದ್ರೌಪದಿ ಪಾತ್ರಕ್ಕೆ ಬೇರೆ ಊರಿಂದ ಕಲಾವಿದೆಯರನ್ನ ಕರೆಸ್ತಿದ್ರು. ನಮ್ಮೂರಿನ ಹುಡುಗೀರಿಗೆ ಚಾಪೆ ಮೇಲೆ ಕೂತು ನೋಡೋದಷ್ಟೇ. ಅವರ ಸಿಟ್ಟೆಲ್ಲ ಎಲ್ಲಿ ಹೋಗ್ತಿತ್ತೋ.

ಶಾಲೆಯಲ್ಲಿ ನಾಟಕ, ಚಿತ್ರ, ಹಾಡು ಇರಬೇಕು ಅನ್ನೋದು ನನಗೆ ಈ ಕಾರಣಕ್ಕೇ ಮುಖ್ಯ. ಹದಿನಾಲ್ಕರ ಮಗುವಿಗೆ ಸಿಟ್ಟು, ದುಃಖ ಬಂದರೆ ಎಷ್ಟೋ ಸಲ ಅದಕ್ಕೆ ತಕ್ಕ ಕಾರಣ ಇರುತ್ತೆ. ಅಲಾರಂ ಹೊಡ್ಕೊಳ್ತಿರುವಾಗ ಅದನ್ನ ಮ್ಯೂಟ್ ಮಾಡಿ ಸರ್ವರ್ ಸರಿಯಿದೆ ಅಂತ ರಿಪೋರ್ಟ್ ಕಳಿಸೋ ಇಂಜಿನಿಯರನ್ನ ನಾವು ಸುಮ್ಮನೆ ಬಿಡ್ತೀವಾ? ಪರೀಕ್ಷೆ ಹಾಲಿನಲ್ಲಿ ಕೈ ನಡುಗೋ ಹುಡುಗನಿಗೆ ನಾಲ್ಕು ದೀರ್ಘ ಉಸಿರು ಖಂಡಿತ ಉಪಯೋಗಕ್ಕೆ ಬರಬಹುದು, ಅದನ್ನ ಕಸಿಯೋದು ಬೇಡ. ನಿಜಕ್ಕೂ ಕುಸಿದಿರೋ ಮಗುವಿಗೆ ನಾಟಕವೂ ಸಾಲದು, ಧ್ಯಾನವೂ ಸಾಲದು, ಡಾಕ್ಟರೇ ಬೇಕು. ಸರ್ಕಾರದ ಟೆಲಿ ಮಾನಸ್ 14416 ಸಹಾಯವಾಣಿ ಇರೋದೇ ಅಂಥ ಹೊತ್ತಿಗೆ.

ಎಸ್ಸೆಸ್ಸೆಲ್ಸಿ ಹತ್ತಿರ ಬಂದ ಹಾಗೆ ಮೊದಲು ಮಾಯವಾಗೋದು ಡ್ರಾಯಿಂಗು, ಪಿಟಿ, ಸಂಗೀತ. ಆ ಪೀರಿಯಡ್‌ಗಳನ್ನ ಗಣಿತದವರು ತಗೊಳ್ತಾರೆ. ಪೋಷಕರ ಸಭೆಯಲ್ಲಿ ಯಾರೂ ಇದನ್ನ ಕೇಳಲ್ಲ, ಕೆಲವರು ಥ್ಯಾಂಕ್ಸ್ ಬೇರೆ ಹೇಳ್ತಾರೆ. ಇದನ್ನೆಲ್ಲ ಅಕ್ಕನ ಹತ್ತಿರ ವಾದ ಮಾಡಿದಾಗ ಅವಳು ಕೇಳಿದ್ದು ಒಂದೇ: “ಸರಿ ಮಾರಾಯ, ಕೋಚಿಂಗ್ ಬಿಡಿಸ್ಲಾ? ಆಮೇಲೆ ಸೀಟ್ ಸಿಗ್ಲಿಲ್ಲ ಅಂದ್ರೆ ನೀನ್ ಬರ್ತೀಯಾ?” ಶನಿವಾರದ ಟೆಸ್ಟಾದ್ರೂ ಬಿಡಿಸು, ಅವತ್ತೊಂದಿನ ಅವಳು ಮನೆಯಲ್ಲೇ ನಿದ್ದೆ ಮಾಡ್ಲಿ ಅಂದೆ. ಯೋಚನೆ ಮಾಡ್ತೀನಿ ಅಂದಿದ್ದಾಳೆ.