ಚಂಚಲಚಿತ್ತನ ವ್ರತಪಾಲನೆ

ವ್ರತವೆಂದರೆ ಬುದ್ಧಿಪೂರ್ವಕವಾಗಿ ಸ್ವೀಕರಿಸಿದ ಕಟ್ಟುಪಾಡು. ಸ್ವಭಾವತಃ ಶಾಂತವಾದ ಮನಸ್ಸುಳ್ಳವರಿಗೆ ಈ ಕಟ್ಟುಪಾಡು ಅಷ್ಟಾಗಿ ಭಾರವೆನಿಸದು. ಆದರೆ ಬಾಲ್ಯದಿಂದಲೇ ಒಂದೆಡೆ ನಿಲ್ಲಲಾರದ ಮನಸ್ಸನ್ನು ಪಡೆದು ಬಂದವನ ಗತಿಯೇನು? ಅವನಿಗೆ ಅಷ್ಟಮಿ-ಚತುರ್ದಶಿಗಳ ಪ್ರೋಷಧವಿಲ್ಲವೆ? ಸಾಮಾಯಿಕಕ್ಕೆ ಅವನು ಅನಧಿಕಾರಿಯೆ? ಇಂದು ಅನೇಕ ಶ್ರಾವಕರ ಮನೆಗಳಲ್ಲಿ ಈ ಪ್ರಶ್ನೆ ಇದೆ. ಬಾಯಿಬಿಟ್ಟು ಕೇಳುವವರು ಮಾತ್ರ ವಿರಳ.

ದೃಷ್ಟಾಂತಕ್ಕಾಗಿ ಮೈಸೂರಿನ ದೇವರಾಜ ಮೊಹಲ್ಲಾದಲ್ಲಿ ವಾಸಿಸುವ ಒಬ್ಬ ಗೃಹಸ್ಥನನ್ನು ಭಾವಿಸಿಕೊಳ್ಳಬಹುದು. ವಯಸ್ಸು ನಲವತ್ತರ ಸಮೀಪ. ವಿದ್ಯಾವಂತ, ಒಳ್ಳೆಯ ಹುದ್ದೆಯಲ್ಲಿರುವವನು. ಕಚೇರಿಯಲ್ಲಿ ಅವನನ್ನು ಬುದ್ಧಿಶಾಲಿಯೆನ್ನುವರು. ಬಸದಿಯ ಉತ್ಸವ ಬಂದರೆ ಲೆಕ್ಕಪತ್ರವನ್ನು ಅವನಿಗೇ ಒಪ್ಪಿಸುವರು. ಆದರೆ ಆ ಲೆಕ್ಕವನ್ನು ಒಪ್ಪಿಸುವ ಹಿಂದಿನ ರಾತ್ರಿಯವರೆಗೂ ಅವನು ಪುಸ್ತಕ ತೆರೆದಿರುವುದಿಲ್ಲ. ಆ ಒಂದು ರಾತ್ರಿ ನಿದ್ರೆಗೆಟ್ಟು ಎಲ್ಲವನ್ನೂ ಮುಗಿಸುವನು. ಚಿಕ್ಕಗಡಿಯಾರದ ಮುಂದೆಯೇ ದಿನವೂ ಹಾದುಹೋಗುವವನಾದರೂ ಹೊತ್ತಿನ ಪರಿವೆ ಅವನಿಗಿಲ್ಲ. ಬೀಗದ ಕೈಯನ್ನು ಎಲ್ಲಿಟ್ಟೆನೆಂಬುದು ಅವನಿಗೆ ನಿತ್ಯದ ಸಮಸ್ಯೆ. ಯಾರಾದರೂ ಒಂದು ಮಾತು ಬಿರುಸಾಗಿ ಆಡಿದರೆ, ಆಡಿದವರು ಅದನ್ನು ಮರೆತ ವಾರದ ಮೇಲೂ ಇವನು ಅದನ್ನೇ ಮಗುಚಿ ಹಾಕುತ್ತಿರುವನು.

ಇಂಥವನು ಒಂದು ಚತುರ್ದಶಿಯಂದು ಉಪವಾಸದ ಸಂಕಲ್ಪ ಮಾಡಿದನು. ಬೆಳಿಗ್ಗೆ ಪೂಜೆಯ ಹೂವಿಗಾಗಿ ದೇವರಾಜ ಮಾರುಕಟ್ಟೆಗೆ ಹೋದನು. ಹೂವಿನ ಸಾಲಿನಲ್ಲಿ ಪರಿಚಿತರೊಬ್ಬರು ಮಾತಿಗೆ ನಿಲ್ಲಿಸಿ ಕಾಫಿಯ ಲೋಟವನ್ನು ಕೈಗಿತ್ತರು. ಮಾತಿನ ಭರದಲ್ಲಿ ಕುಡಿದುಬಿಟ್ಟನು. ಲೋಟವನ್ನು ಕೆಳಗಿಟ್ಟ ಮೇಲೆ ಸಂಕಲ್ಪ ನೆನಪಾಯಿತು. ಆ ದಿನ ಅವನು ಬಸದಿಗೆ ಹೋಗಲಿಲ್ಲ. ರಾತ್ರಿಯೆಲ್ಲ, “ಒಂದು ದಿನದ ಸಂಕಲ್ಪವನ್ನು ಒಂದು ಗಳಿಗೆ ಹಿಡಿದಿಡಲಾರದವನು ನಾನೆಂಥ ಜೈನ?” ಎಂಬ ಒಂದೇ ಮಾತು ತಲೆಯಲ್ಲಿ ಸುತ್ತಿತು. ಬೆಳಗಾಗುವಷ್ಟರಲ್ಲಿ, ಇನ್ನು ಮುಂದೆ ಯಾವ ವ್ರತವನ್ನೂ ಹಿಡಿಯಬಾರದೆಂದು ನಿಶ್ಚಯಿಸಿದನು. ಕುಡಿದ ಕಾಫಿಯಿಂದಾದ ಹಾನಿಗಿಂತ ಈ ನಿಶ್ಚಯದಿಂದಾಗುವ ಹಾನಿ ದೊಡ್ಡದು. ವಿಚಾರ ಮಾಡಬೇಕಾದುದು ಇದನ್ನೇ.

ಮೊದಲು ವೈದ್ಯಶಾಸ್ತ್ರದ ಮಾತು. ಅವಧಾನದ ಕೊರತೆ ಮತ್ತು ಅತಿಚಟುವಟಿಕೆಯ ಈ ಅವಸ್ಥೆಯನ್ನು ವೈದ್ಯರು ಎ.ಡಿ.ಎಚ್.ಡಿ. ಎನ್ನುತ್ತಾರೆ. ಇದು ಹೊಸದಾಗಿ ಕಲ್ಪಿಸಿದ ರೋಗವಲ್ಲ. 1798ರಲ್ಲಿ ಅಲೆಕ್ಸಾಂಡರ್ ಕ್ರೈಟನ್ ಎಂಬ ವೈದ್ಯರು ಅವಧಾನದ ಅಸ್ಥಿರತೆಯನ್ನು ವರ್ಣಿಸಿದ್ದರು. 1902ರಲ್ಲಿ ಲಂಡನ್ನಿನ ಜಾರ್ಜ್ ಸ್ಟಿಲ್ ಇಂಥ ಮಕ್ಕಳ ವಿಷಯವಾಗಿ ಉಪನ್ಯಾಸಗಳನ್ನು ನೀಡಿದರು. ಬಹುಕಾಲ ಇದನ್ನು ಮಕ್ಕಳ ತೊಂದರೆಯೆಂದೇ ಎಣಿಸಲಾಗಿತ್ತು. ವಯಸ್ಕರಾದ ಮೇಲೂ ಅನೇಕರಲ್ಲಿ ಇದು ಉಳಿಯುವುದೆಂಬುದು ಈಗ ಒಪ್ಪಿತವಾದ ಸಂಗತಿ. ದೇಹದ ಓಡಾಟ ಕಡಿಮೆಯಾಗಿ, ಓಟವೆಲ್ಲ ಒಳಗೆ ಸೇರಿಕೊಳ್ಳುವುದು. ವಂಶಪಾರಂಪರ್ಯ ಇದಕ್ಕೆ ಬಲವಾದ ಕಾರಣ. ಇದರೊಡನೆ ಆತಂಕವೂ ಅತಿಯೋಚನೆಯೂ ಜೊತೆಗೂಡುವುದು ಸಾಮಾನ್ಯ. ಏಕೆಂದರೆ ಪದೇ ಪದೇ ಮರೆತು ಪೆಟ್ಟು ತಿಂದವನು ಮುಂದೆ ಏನನ್ನು ಮರೆಯುವೆನೋ ಎಂದು ಸದಾ ಅಂಜುತ್ತಲೇ ಇರುವನು. ಹೊರಗೆ ಕೆಲಸ ಸಾಗುತ್ತಿರುವುದರಿಂದ ಯಾರಿಗೂ ಅವನ ಬಳಲಿಕೆ ಕಾಣದು. ಹೊರನೋಟದ ಯಶಸ್ಸು ಒಳಗಿನ ನೋವಿಗೆ ಮರೆಯಾಗಿ ನಿಲ್ಲುವುದು.

ಇನ್ನು ಆಗಮದ ಮಾತು. ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಧ್ಯಾನದ ಲಕ್ಷಣವನ್ನು ಹೇಳುವಾಗ, ಉತ್ತಮ ಸಂಹನನವುಳ್ಳವನಿಗೂ ಚಿತ್ತದ ಏಕಾಗ್ರತೆ ಅಂತರ್ಮುಹೂರ್ತಕಾಲದವರೆಗೆ ಮಾತ್ರ ಎಂದು ಮಿತಿಯನ್ನು ಹಾಕಿದ್ದಾರೆ. ಮುಹೂರ್ತವೆಂದರೆ 48 ನಿಮಿಷ. ಅಂತರ್ಮುಹೂರ್ತವೆಂದರೆ ಅದರೊಳಗಿನ ಕಾಲ. ವಜ್ರದಂಥ ದೇಹವುಳ್ಳ ಮಹಾಪುರುಷರ ಮಾತಾಯಿತು ಇದು. ಪಂಚಮಕಾಲದ ಹೀನಸಂಹನನದ ಗೃಹಸ್ಥನು ಐದು ನಿಮಿಷದಲ್ಲಿ ಮನಸ್ಸು ಸರಿಯಿತೆಂದು ತನ್ನನ್ನು ತಾನು ಹೀನೈಸಿಕೊಳ್ಳುವುದಕ್ಕೆ ಆಗಮದ ಆಧಾರವಿಲ್ಲ.

ಅದೇ ಗ್ರಂಥದ ಏಳನೆಯ ಅಧ್ಯಾಯದಲ್ಲಿ ಸಾಮಾಯಿಕ ವ್ರತದ ಐದು ಅತಿಚಾರಗಳು ಹೇಳಲ್ಪಟ್ಟಿವೆ. ಅವುಗಳಲ್ಲಿ ಮನಸ್ಸು ಬೇರೆಡೆ ಹರಿಯುವ ಮನೋದುಷ್ಪ್ರಣಿಧಾನ ಒಂದು, ಮಾಡಬೇಕಾದುದನ್ನು ಮರೆಯುವ ಸ್ಮೃತ್ಯನುಪಸ್ಥಾನ ಇನ್ನೊಂದು. ಪ್ರೋಷಧೋಪವಾಸದ ಅತಿಚಾರಗಳಲ್ಲಿಯೂ ಈ ಮರೆವು ಮತ್ತೆ ಬಂದಿದೆ. ಮರೆಯುವ ಮನುಷ್ಯರೇ ವ್ರತ ಹಿಡಿಯುವರೆಂಬುದನ್ನು ಆಚಾರ್ಯರು ಚೆನ್ನಾಗಿ ಅರಿತಿದ್ದರು. ಅತಿಚಾರವೆಂದರೆ ವ್ರತದ ಮೇಲಿನ ಕಲೆ. ತೊಳೆಯಬೇಕಾದ ಕಲೆಗಾಗಿ ಬಟ್ಟೆಯನ್ನೇ ಬೆಂಕಿಗೆ ಹಾಕುವವರಿಲ್ಲ. ತಿಳಿದು ಮಾಡಿದ ಭಂಗಕ್ಕೂ ಮರೆವಿನಿಂದಾದ ದೋಷಕ್ಕೂ ಭೇದವುಂಟು. ಎರಡಕ್ಕೂ ತಕ್ಕ ಪ್ರಾಯಶ್ಚಿತ್ತವನ್ನು ಗುರುಗಳು ವಿಧಿಸುವರು.

ಚಿಂತೆಯ ವಿಷಯದಲ್ಲಿಯೂ ಶಾಸ್ತ್ರ ಹೀಗೆಯೇ ಕರುಣಾಪೂರ್ಣವಾಗಿದೆ. ಇಷ್ಟವಿಯೋಗ, ಅನಿಷ್ಟಸಂಯೋಗ, ವೇದನೆ, ನಿದಾನ ಎಂಬ ನಾಲ್ಕು ಬಗೆಯ ಆರ್ತಧ್ಯಾನ ಹೇಯವೆಂಬುದು ನಿಜ. ಆದರೆ ಅದು ಅವಿರತರಿಗೂ ದೇಶವಿರತರಿಗೂ ಮಾತ್ರವಲ್ಲದೆ, ನಿದಾನವೊಂದನ್ನು ಬಿಟ್ಟು, ಪ್ರಮತ್ತಸಂಯತನಾದ ಮುನಿಗೂ ಉಂಟಾಗಬಹುದೆಂದು ಹೇಳಲಾಗಿದೆ. ಭಯ, ಅರತಿ, ಶೋಕಗಳು ನೋಕಷಾಯಗಳ ಉದಯದಿಂದ ಬರುವಂಥವು. ಉದಯಕ್ಕೆ ಬಂದ ಕರ್ಮವನ್ನು ನೋಡಿ ನಾಚುವುದರಿಂದ ನಿರ್ಜರೆಯಾಗದು.

ಕುಂದಕುಂದಾಚಾರ್ಯರ ಭಾವಪಾಹುಡದಲ್ಲಿ ಶಿವಭೂತಿ ಮುನಿಯ ಉಲ್ಲೇಖವಿದೆ. ಗುರುಗಳು ಕಲಿಸಿದ ಪಾಠ ಅವರ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲವೆಂದು ಕಥೆ. ಒಮ್ಮೆ ಒಬ್ಬ ಹೆಂಗಸು ಉದ್ದಿನ ಸಿಪ್ಪೆಯನ್ನು ಬೇಳೆಯಿಂದ ಬೇರ್ಪಡಿಸುತ್ತಿದ್ದುದನ್ನು ಕಂಡು, ಸಿಪ್ಪೆಯಿಂದ ಬೇಳೆ ಬೇರೆಯಾಗಿರುವಂತೆ ದೇಹದಿಂದ ಆತ್ಮ ಬೇರೆಯೆಂಬ ಅರ್ಥ ಅವರಿಗೆ ಹೊಳೆಯಿತು. ತುಷ, ಮಾಷ ಎಂಬೆರಡು ಪದಗಳನ್ನೇ ಘೋಷಿಸುತ್ತ, ಭಾವವಿಶುದ್ಧಿಯಿಂದ ಕೇವಲಜ್ಞಾನವನ್ನು ಪಡೆದರು. ಸ್ತೋತ್ರಗಳನ್ನೆಲ್ಲ ಕಂಠಪಾಠ ಮಾಡಲಾರದವರು ಈ ಮುನಿಯನ್ನು ನೆನೆಯಬೇಕು. ಹೆಚ್ಚು ನೆನಪು ಬಂದಷ್ಟು ಮೋಕ್ಷ ಹತ್ತಿರವೆಂದು ಯಾವ ಆಚಾರ್ಯರೂ ಬರೆದಿಲ್ಲ.

ಇದಕ್ಕೆ ವಿರುದ್ಧವಾದ ಇನ್ನೊಂದು ದೃಷ್ಟಾಂತ ಭಗವಾನ್ ಬಾಹುಬಲಿಯದು. ಒಂದು ವರ್ಷ ಪ್ರತಿಮಾಯೋಗದಲ್ಲಿ ನಿಂತ ಆ ಮಹಾತ್ಮನ ದೇಹ ಅಲುಗಲಿಲ್ಲ, ಬಳ್ಳಿಗಳು ಹಬ್ಬಿದವು. ಆದರೂ ಕೇವಲಜ್ಞಾನಕ್ಕೆ ತಡೆಯಾದುದೇನು? ತನ್ನಿಂದ ಅಣ್ಣನಾದ ಭರತನಿಗೆ ಸಂಕ್ಲೇಶವಾಯಿತಲ್ಲಾ ಎಂಬ ಒಂದು ಭಾವ ಹೃದಯದಲ್ಲಿ ಉಳಿದಿತ್ತೆಂದು ಜಿನಸೇನಾಚಾರ್ಯರು ಆದಿಪುರಾಣದಲ್ಲಿ ತಿಳಿಸುತ್ತಾರೆ. ಭರತನು ಬಂದು ಪೂಜಿಸಿದೊಡನೆ ಅದು ಕರಗಿತು. ಹೊರಗಿನಿಂದ ನೋಡುವವರಿಗೆ ನಿಶ್ಚಲವಾಗಿ ಕಾಣುವವನ ಒಳಗೂ ಒಂದು ಯೋಚನೆ ಸುತ್ತುತ್ತಿರಬಹುದು. ಅದನ್ನು ಕರಗಿಸಲು ಮನೆಯವರ ಒಂದು ಗೌರವದ ನಡೆ ಸಾಕಾಗಬಹುದು. ಶ್ರವಣಬೆಳಗೊಳದ ಇಂದ್ರಗಿರಿಯನ್ನೋ ಮೈಸೂರಿನ ಸಮೀಪದ ಗೊಮ್ಮಟಗಿರಿಯನ್ನೋ ಏರಿ ದರ್ಶನ ಪಡೆಯುವವರು ಈ ಅಂಶವನ್ನೂ ಮನಸ್ಸಿಗೆ ತಂದುಕೊಳ್ಳಬೇಕು.

ಅತಿಯೋಚನೆಯವನಿಗೆ ಒಂದು ಭ್ರಮೆಯುಂಟು: ತಾನು ರಾತ್ರಿಯೆಲ್ಲ ಕೊರಗುವುದೇ ಪ್ರತಿಕ್ರಮಣವೆಂದು. ಅದು ಹಾಗಲ್ಲ. ಪ್ರತಿಕ್ರಮಣಕ್ಕೆ ಆದಿಯುಂಟು, ಅಂತ್ಯವುಂಟು. ದೋಷವನ್ನು ಹೆಸರಿಟ್ಟು ಹೇಳಿ, ಅದು ಮಿಥ್ಯೆಯಾಗಲೆಂದು ಬಯಸಿ, ಕಾಯೋತ್ಸರ್ಗ ಮಾಡಿ ಎದ್ದ ಮೇಲೆ ಅದು ಮುಗಿಯಿತು. ಕೊರಗಿಗೆ ಅಂತ್ಯವಿಲ್ಲ, ಅದು ಆರ್ತಧ್ಯಾನದ ಜಾತಿಗೆ ಸೇರಿದ್ದು. ಗತಕಾಲದ ದೋಷಕ್ಕೆ ಪ್ರತಿಕ್ರಮಣ, ವರ್ತಮಾನದ ದೋಷಕ್ಕೆ ಆಲೋಚನೆ, ಭವಿಷ್ಯಕ್ಕೆ ಪ್ರತ್ಯಾಖ್ಯಾನ ಎಂಬ ಮೂರು ವಿಧಿಗಳು ಸಮಯಸಾರದಲ್ಲಿ ಪ್ರಸಿದ್ಧ. ಮನಸ್ಸಿನಲ್ಲಿ ಒಂದು ಯೋಚನೆ ಸುತ್ತತೊಡಗಿದಾಗ ಅದು ಯಾವ ಕಾಲಕ್ಕೆ ಸೇರಿದ್ದೆಂದು ಕೇಳಿಕೊಳ್ಳಬೇಕು. ನಿನ್ನೆಯದಾದರೆ ಒಮ್ಮೆ ಪ್ರತಿಕ್ರಮಿಸಿ ಬಿಡಬೇಕು. ನಾಳೆಯದಾದರೆ ಮಾಡತಕ್ಕ ಒಂದು ಕೆಲಸವನ್ನು ಹೊತ್ತು ಗೊತ್ತುಮಾಡಿ ಬರೆದಿಟ್ಟು ಎದ್ದುಬಿಡಬೇಕು.

ಚಂಚಲಚಿತ್ತನಿಗೆ ದೀರ್ಘಕಾಲದ ಸಾಮಾಯಿಕ ಮೊದಲಿಗೇ ಕೂಡಿಬಾರದಿದ್ದರೆ, ಇಪ್ಪತ್ತೇಳು ಉಚ್ಛ್ವಾಸಗಳಲ್ಲಿ ಒಂಬತ್ತು ಬಾರಿ ಣಮೋಕಾರವನ್ನು ಜಪಿಸುವ ಕಾಯೋತ್ಸರ್ಗವಿದೆ. ಅದು ಕೆಲವೇ ನಿಮಿಷಗಳ ಕ್ರಿಯೆ. ಕೊನೆ ಕಣ್ಣಿಗೆ ಕಾಣುವಂಥದು. ದಿನದಲ್ಲಿ ಹಲವು ಬಾರಿ ಮಾಡಬಹುದು. ಮೌನವಾಗಿ ಓದುವಾಗ ಮನಸ್ಸು ಜಾರುವವನು ಗಟ್ಟಿಯಾಗಿ ಓದಬಹುದು. ಸ್ವಾಧ್ಯಾಯದ ಐದು ಭೇದಗಳಲ್ಲಿ ಆಮ್ನಾಯವೆಂಬ ಘೋಷಪಾಠವೂ ಒಂದು. ವ್ರತದ ದಿನ ಎಡಗೈಗೆ ಒಂದು ನೂಲೆಳೆ ಕಟ್ಟಿಕೊಂಡರೆ, ಲೋಟ ಹಿಡಿಯುವ ಮೊದಲೇ ಕಣ್ಣಿಗೆ ಬೀಳುವುದು. ನೆನಪಿಗೆ ಊರುಗೋಲು ಕೊಡುವುದರಲ್ಲಿ ಅವಮಾನವೇನೂ ಇಲ್ಲ.

ಉಪವಾಸದ ವಿಷಯದಲ್ಲಿ ಎಚ್ಚರಿಕೆಯ ಮಾತು ಅಗತ್ಯ. ತೀರ್ಥಂಕರ ಪ್ರಕೃತಿಗೆ ಕಾರಣವಾದ ಷೋಡಶ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ “ಶಕ್ತಿತಃ” ಎಂಬ ವಿಶೇಷಣವಿದೆ; ಶಕ್ತಿಯನ್ನು ಮರೆಮಾಡಲೂಬಾರದು, ಮೀರಲೂಬಾರದು. ಈ ಅವಸ್ಥೆಗೆ ಕೊಡುವ ಕೆಲವು ಔಷಧಗಳು ಹಸಿವನ್ನು ಕುಗ್ಗಿಸುತ್ತವೆ, ನಾಡಿಯ ವೇಗವನ್ನು ಹೆಚ್ಚಿಸುತ್ತವೆ. ಆದುದರಿಂದ ಔಷಧ ಸೇವಿಸುವವನು ನಿರಾಹಾರ, ನಿರ್ಜಲ ಉಪವಾಸಕ್ಕೆ ಮೊದಲು ವೈದ್ಯರನ್ನು ಕೇಳಲೇಬೇಕು. ಸ್ವಂತ ಬುದ್ಧಿಯಿಂದ ಔಷಧವನ್ನು ನಿಲ್ಲಿಸಕೂಡದು. ರಾತ್ರಿಭೋಜನ ತ್ಯಾಗವಿರುವವನು ಆ ನಿಯಮವನ್ನು ವೈದ್ಯರಿಗೆ ಮೊದಲೇ ತಿಳಿಸಿದರೆ, ಹಗಲಿನಲ್ಲಿಯೇ ತೆಗೆದುಕೊಳ್ಳಲು ಸಾಧ್ಯವೇ ಎಂದು ಅವರು ನೋಡುವರು. ಕ್ಯಾಪ್ಸೂಲಿನ ಹೊರಕವಚ ಅನೇಕವೇಳೆ ಪ್ರಾಣಿಜನ್ಯ ಜೆಲಟಿನ್‌ನದಾಗಿರುವುದರಿಂದ ಅದಕ್ಕೆ ಬದಲಾಗಿ ಮಾತ್ರೆಯುಂಟೇ ಎಂದು ಕೇಳುವುದೂ ಯುಕ್ತ. ಪೂರ್ಣ ಉಪವಾಸ ಸಲ್ಲದವರಿಗೆ ಏಕಾಶನವಿದೆ, ಹೊಟ್ಟೆಗೆ ತುಸು ಕಡಿಮೆ ಉಣ್ಣುವ ಅವಮೌದರ್ಯವಿದೆ, ರಸಪರಿತ್ಯಾಗವಿದೆ. ಇವೂ ಬಾಹ್ಯತಪಸ್ಸುಗಳೇ.

ಔಷಧವನ್ನು ಸೇವಿಸುವುದು ಶ್ರದ್ಧೆಯ ಕೊರತೆಯೆನ್ನುವವರು ಚತುರ್ವಿಧ ದಾನಗಳಲ್ಲಿ ಔಷಧದಾನವೂ ಸೇರಿದೆಯೆಂಬುದನ್ನು ನೆನೆಯಲಿ. ಕೊಡುವುದು ಪುಣ್ಯವಾದರೆ ತೆಗೆದುಕೊಳ್ಳುವುದು ಪಾಪ ಹೇಗಾದೀತು? ಕಲ್ಯಾಣಕಾರಕವೆಂಬ ವೈದ್ಯಗ್ರಂಥವನ್ನು ರಚಿಸಿದ ಉಗ್ರಾದಿತ್ಯರು ದಿಗಂಬರ ಆಚಾರ್ಯರೇ. ದೇವರಾಜ ಮೊಹಲ್ಲಾದ ನಿವಾಸಿಗಳಿಗಂತೂ ಕೃಷ್ಣರಾಜೇಂದ್ರ ಆಸ್ಪತ್ರೆ ದೂರದ್ದಲ್ಲ. ಮನೋವೈದ್ಯರು ಅಲ್ಲಿ ದೊರೆಯುವರು. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯ ಮೂಲಕ ದೂರವಾಣಿಯಲ್ಲಿ ಮಾತನಾಡಬಹುದು. ನಿದ್ರೆಯ ಕೊರತೆಯಿಂದಲೂ ಥೈರಾಯಿಡ್ ದೋಷದಿಂದಲೂ ಇಂಥ ಲಕ್ಷಣಗಳು ತೋರಬಹುದಾದ್ದರಿಂದ ಪರೀಕ್ಷೆಯಿಲ್ಲದೆ ತಾನೇ ಹೆಸರಿಟ್ಟುಕೊಳ್ಳುವುದು ಸರಿಯಲ್ಲ.

ಮನೆಯವರಿಗೂ ಇಲ್ಲಿ ಒಂದು ತಪಸ್ಸಿದೆ. ಅದು ವೈಯಾವೃತ್ಯ. “ಇಷ್ಟು ಓದಿದವನಿಗೆ ಇಷ್ಟೂ ನೆನಪಿಲ್ಲವೆ?” ಎಂಬ ಮಾತು ಸಣ್ಣದಾಗಿ ಕಂಡರೂ ಕೇಳುವವನ ಎದೆಯಲ್ಲಿ ಶಲ್ಯವಾಗಿ ನಿಲ್ಲುವುದು. ದೃಷ್ಟಾಂತದ ಗೃಹಸ್ಥನ ತಾಯಿ ಹಾಗೆ ಹೇಳಲಿಲ್ಲ. ಎರಡು ದಿನ ಮಗನ ಮುಖವನ್ನು ನೋಡಿ, ಮೂರನೆಯ ದಿನ ಪಕ್ಕದಲ್ಲಿ ಕುಳಿತು, “ಏನಾಯ್ತಪ್ಪಾ?” ಎಂದಷ್ಟೇ ಕೇಳಿದಳು. ಅವನು ಎಲ್ಲವನ್ನೂ ಹೇಳಿದನು. “ನಿಮ್ಮಪ್ಪನೂ ಹೀಗೇ ಮರೀತಿದ್ರು ಮಗೂ. ಚತುರ್ದಶಿ ಬಂದ್ರೆ ನಾನೇ ಬೆಳಿಗ್ಗೆ ಎದ್ದು ನೆನಪು ಮಾಡ್ತಿದ್ದೆ. ಅವರ ವ್ರತದಲ್ಲಿ ನನ್ನದೂ ಪಾಲಿತ್ತು” ಎಂದಳು.

ಅವನು ಬಸದಿಗೆ ಹೋಗಿ, ಅಲ್ಲಿಗೆ ಬಂದಿದ್ದ ತ್ಯಾಗಿಗಳ ಮುಂದೆ ದೋಷವನ್ನು ಮುಚ್ಚಿಡದೆ ಹೇಳಿಕೊಂಡು, ಅವರು ಹೇಳಿದ ಪ್ರಾಯಶ್ಚಿತ್ತವನ್ನು ಸ್ವೀಕರಿಸಿದನು. ವೈದ್ಯರನ್ನೂ ಕಂಡನು. ಮುಂದಿನ ಚತುರ್ದಶಿಗೆ ಉಪವಾಸದ ಬದಲು ಏಕಾಶನದ ನಿಯಮ ಹಿಡಿದನು. ಅಂದೂ ಮನಸ್ಸು ಓಡಿತು, ಬೀಗದ ಕೈ ಕಳೆಯಿತು, ಪೂಜೆಗೆ ಹೊತ್ತಾಯಿತು. ಆದರೆ ಕೈಯಲ್ಲಿ ನೂಲೆಳೆಯಿತ್ತು, ನಿಯಮ ಉಳಿಯಿತು. ರಾತ್ರಿ ಒಂಬತ್ತು ಣಮೋಕಾರಗಳ ಕಾಯೋತ್ಸರ್ಗ ಮುಗಿಸಿ, ಆ ದಿನವನ್ನು ಆ ದಿನಕ್ಕೇ ಬಿಟ್ಟು ಮಲಗಿದನು.

ಇಂಥ ಚಂಚಲಚಿತ್ತರು ಯಾವ ಮನೆಯಲ್ಲಿರುವರೋ ಆ ಮನೆಯವರು ಅವರ ವ್ರತಕ್ಕೆ ಆಸರೆಯಾಗಲಿ. ಸಕಲ ಜೀವರಿಗೂ ಸಮತಾಭಾವ ಲಭಿಸಲಿ.